ನಾನು ಕತ್ತರಿಸಿ ತೆಗೆದ ಹಾಳೆ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ. ಏಳನೆಯ ಇಯತ್ತೆ ಮುಗಿದಿತ್ತು. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದ. ಅವ್ವ ನನ್ನನ್ನು ಕರೆದುಕೊಂಡು ಸವದತ್ತಿಯ ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಹರಕೆ ಹೊತ್ತಳು. ನಾವು ಗುಡ್ಡ ಇಳಿದು ನಮ್ಮೂರು ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಶಾಲೆಯನ್ನೂ ದೇವರನ್ನೂ ನಾನು ಒಂದೇ ವಾರದಲ್ಲಿ ಬಿಟ್ಟೆ. ಶಾಲೆ ಬಿಟ್ಟ ನೋವು ಹೋಗಲಿಲ್ಲ. ದೇವರನ್ನು ಬಿಟ್ಟಿದ್ದಕ್ಕೆ ಮಾತ್ರ ಹೆಮ್ಮೆ ಪಡುತ್ತಿದ್ದೆ, ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು ಯಾವುದೂ ಇಲ್ಲ ಎಂಬುದು ನನ್ನ ಮಾತಾಗಿತ್ತು. ಹಾಗಂತ ಹೇಳುತ್ತಿದ್ದವನೇ ಈಗ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಪುಸ್ತಕಕ್ಕೆ ರಟ್ಟು ಹಾಕುವವನು. ಒಬ್ಬ ಹಿರಿಯ ಉಸ್ತಾದರ ಅಂಗಡಿಯಲ್ಲಿ ನೆಲಕ್ಕೆ ಕುಳಿತು ಕಲಿತ ಕೆಲಸ. ಹಳೆಯ ಪುಸ್ತಕ ಬಂದರೆ ಮೊದಲು ಹೊಲಿಗೆ ಬಿಚ್ಚಬೇಕು, ಹಾಳೆ ಎಣಿಸಬೇಕು, ಮತ್ತೆ ಹೊಲಿದ ಮೇಲೆ ಇನ್ನೊಮ್ಮೆ ಎಣಿಸಬೇಕು. ಎರಡೂ ಲೆಕ್ಕ ಕೂಡಿದರೆ ಮಾತ್ರ ರಟ್ಟು ಅಂಟಿಸಬೇಕು. ಉಸ್ತಾದರು ಇಷ್ಟನ್ನು ಬಡಿದು ಬಡಿದು ಕಲಿಸಿದ್ದರು. ಇಪ್ಪತ್ತೈದು ವರ್ಷದಲ್ಲಿ ನನ್ನ ಕೈಯಿಂದ ಒಂದು ಹಾಳೆಯೂ ಕಳೆದುಹೋಗಿರಲಿಲ್ಲ. ಶಾಲೆ ಬಿಟ್ಟವನಿಗೆ ಈ ಕೆಲಸದಲ್ಲಿ ಇನ್ನೊಂದು ಲಾಭವೂ ಇತ್ತು. ಮೇಜಿನ ಮೇಲೆ ಬಂದ ಪುಸ್ತಕವನ್ನೆಲ್ಲ ನಾನು ಓದುತ್ತಿದ್ದೆ. ಅಂಟು ಒಣಗುವ ತನಕ ಬೇರೆ ಕೆಲಸವೇನು?

ಹಾಗೆ ಒಮ್ಮೆ ಒಂದು ಗ್ರಂಥಾಲಯದಿಂದ ಬೈಬಲ್ಲು ಹೇಗೆ ಹುಟ್ಟಿತು ಎಂಬ ಬಗ್ಗೆ ಒಂದು ದಪ್ಪ ಪುಸ್ತಕ ಬಂತು. ನಾಲ್ಕು ದಿನ ಅದನ್ನೇ ಓದಿದೆ. ಯೇಸುವಿನ ಕಥೆಯನ್ನು ನಾಲ್ವರು ಬರೆದಿದ್ದಾರೆ, ಆದರೆ ಅವನು ಸತ್ತು ನಲವತ್ತು, ಅರವತ್ತು ವರ್ಷವಾದ ಮೇಲೆ. ಬರೆದವರ ಹೆಸರು ಕೂಡ ಆಮೇಲೆ ಅಂಟಿಸಿದ್ದು. ಮೂಲ ಪ್ರತಿ ಎಲ್ಲೂ ಉಳಿದಿಲ್ಲ, ಇರುವುದೆಲ್ಲ ನಕಲಿನ ನಕಲು ಎಂದು ಅದರಲ್ಲಿತ್ತು. ನನಗೆ ಹಿಡಿಸಿದ್ದು ಆ ನಾಲ್ವರಲ್ಲಿ ಒಬ್ಬನಾದ ಮಾರ್ಕನ ಪುಸ್ತಕದ ಸಂಗತಿ. ಯೇಸುವಿನ ಸಮಾಧಿಗೆ ಹೋದ ಹೆಂಗಸರು ಒಳಗೆ ಹೆಣ ಇಲ್ಲದ್ದನ್ನು ನೋಡಿ ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಬಹಳ ಹಳೆಯ ಪ್ರತಿಗಳಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದಂತೆ. ಮುಂದಿನ ಹನ್ನೆರಡು ವಚನ, ಯೇಸು ಎದ್ದು ಬಂದು ಶಿಷ್ಯರಿಗೆ ಕಾಣಿಸಿದ್ದು, ಯಾರೋ ಆಮೇಲೆ ಸೇರಿಸಿದ್ದು. ಓದಿದ ಕೂಡಲೇ ನನಗೆ ಅನ್ನಿಸಿತು, ಇದು ನಮ್ಮ ಕಸಬಿನ ಮಾತು. ಪುಸ್ತಕದ ಕೊನೆಯ ಹಾಳೆಯೇ ಮೊದಲು ಹರಿಯುವುದು. ಹರಿದ ಜಾಗಕ್ಕೆ ಯಾರೋ ಹೊಸ ಹಾಳೆ ಹಚ್ಚಿದ್ದಾರೆ, ಮುಗಿಯಿತು.

ಅದಾದ ಮೂರು ತಿಂಗಳಿಗೆ ಮುರಗೋಡದಿಂದ ಒಬ್ಬ ಮುದುಕಿ ನನ್ನ ಅಂಗಡಿಗೆ ಬಂದರು. ಹೆಸರು ಸುಶೀಲಾಬಾಯಿ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಹಾಗಾಗಿ ಎಲ್ಲರಿಗೂ ಅಕ್ಕೋರು. ಅವರು ಕ್ರೈಸ್ತರು. ಸೀರೆಯ ತುಂಡಿನಲ್ಲಿ ಸುತ್ತಿದ್ದ ಬೈಬಲ್ಲನ್ನು ಮೇಜಿನ ಮೇಲಿಟ್ಟರು. ಬೆನ್ನು ಕಿತ್ತುಹೋಗಿತ್ತು.

"ಅಂಚು ಕತ್ತರಸಬ್ಯಾಡ ತಮ್ಮಾ. ನಮ್ಮವರು ಬರದದ್ದು ಐತಿ ಇದರಾಗ" ಎಂದರು.

ತಿರುವಿ ನೋಡಿದೆ. ಅಲ್ಲಲ್ಲಿ ಅಂಚಿನಲ್ಲಿ ನೀಲಿ ಶಾಯಿಯ ದುಂಡಗಿನ ಅಕ್ಷರಗಳಿದ್ದವು. ಇವರ ಗಂಡನ ಬರಹ ಇದೇ ಇರಬೇಕು ಎಂದುಕೊಂಡೆ. ಕೇಳಲಿಲ್ಲ. ನನ್ನ ಬಾಯಿ ಬೇರೆ ಮಾತಿಗೆ ತುರಿಸುತ್ತಿತ್ತು.

"ಅಕ್ಕೋರ, ಇದನ್ನ ದೇವರು ಬರಸ್ಯಾನ ಅಂತೀರಿ. ಹಂಗಾರ ಒಂದ ಕಥಿ ನಾಕ್ ಸಲ ಯಾಕ ಬರಸಿದಾ? ನಾಕೂ ಒಂದಕ್ಕೊಂದು ತಾಳ ಇಲ್ಲ."

"ನಿನ್ನ ಮದವ್ಯಾಗ ಏನೇನಾತು ಅಂತ ನೀ ಹೇಳಿದ್ದೂ ನಿನ್ನ ಹೇಣ್ತಿ ಹೇಳಿದ್ದೂ ತಾಳ ಐತೇನು?"

ಅಂಗಡಿಯಲ್ಲಿ ಕುಳಿತಿದ್ದ ಇಬ್ಬರು ಗಿರಾಕಿಗಳು ನಕ್ಕರು. ನಾನು ಬಿಡಲಿಲ್ಲ. ನಲವತ್ತು ವರ್ಷದ ಲೆಕ್ಕ, ನಕಲಿನ ಲೆಕ್ಕ, ಮಾರ್ಕನ ಹನ್ನೆರಡು ವಚನದ ಲೆಕ್ಕ ಎಲ್ಲ ಹೇಳಿದೆ. ಆ ಹೆಂಗಸರು ಹೆದರಿ ಸುಮ್ಮನಾದರು, ಕಥೆ ಅಲ್ಲಿಗೆ ಮುಗಿಯಿತು, ಮುಂದಿನದೆಲ್ಲ ಹಚ್ಚಿದ್ದು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಯಾರಿಗೂ ಹೇಳಲಿಲ್ಲ ಅಂದ್ರ ನಿನಗ ಹೆಂಗ ಗೊತ್ತಾತೋ ಯಪ್ಪಾ? ಒಂದ ದಿನ ಬಾಯಿ ಬಿಟ್ಟಾರ ಅಂತಾತಲ್ಲ" ಎಂದರು. ಆಮೇಲೆ ನನ್ನ ತೋಳು ತಟ್ಟಿ, "ರಟ್ಟು ಹಾಕೂದು ನಿನ್ನ ಕೆಲಸ, ಹಾಕು. ಓದೂದು ನನಗ ಬಿಡು, ಶಾಣ್ಯಾ" ಎಂದರು.

ಅವರು ಪ್ರೀತಿಯಿಂದಲೇ ಅಂದದ್ದು. ಇದು ನನಗೆ ಈಗ ಗೊತ್ತು. ಆದರೆ ಗಿರಾಕಿಗಳು ಮತ್ತೆ ನಕ್ಕರು. ಏಳನೆಯ ಇಯತ್ತೆಯವನಿಗೆ ಅಕ್ಕೋರೊಬ್ಬರು ಓದುವುದು ನಿನ್ನ ಕೆಲಸವಲ್ಲ ಎಂದಂತಾಯಿತು.

ಮರುದಿನ ಮಧ್ಯಾಹ್ನ ಪುಸ್ತಕ ಬಿಚ್ಚಿದೆ. ಮಾರ್ಕನ ಕೊನೆಯ ಹಾಳೆ ಬಂದಾಗ ಕೈ ನಿಂತಿತು. ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಹಾಳೆಯ ಮೇಲೆ ಆ ಹನ್ನೆರಡು ವಚನಗಳಷ್ಟೇ ಇದ್ದವು, ಹಿಂಬದಿಗೆ ನಾಲ್ವರಲ್ಲಿ ಮುಂದಿನವನಾದ ಲೂಕನ ಪುಸ್ತಕದ ಆರಂಭ. ಹರಿತವಾದ ಚಾಕು ತೆಗೆದುಕೊಂಡು ಮಡಿಕೆಯ ಗುಂಟ ಅದನ್ನು ಕತ್ತರಿಸಿ ತೆಗೆದೆ. ಹಳೆಯ ಪ್ರತಿಯಲ್ಲಿ ಇಲ್ಲದ್ದು ಇದರಲ್ಲಿಯೂ ಇರಬಾರದು, ಮುದುಕಿಗೆ ಗೊತ್ತೂ ಆಗುವುದಿಲ್ಲ, ಗೊತ್ತಾದರೆ ಆಗಲಿ, ಆಗ ಮಾತಾಡೋಣ ಎಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಹೊಲಿಗೆಯ ಪುಸ್ತಕದಲ್ಲಿ ಒಂಟಿ ಹಾಳೆ ಇರುವುದಿಲ್ಲ. ಒಂದು ದೊಡ್ಡ ಹಾಳೆ ನಡುವೆ ಮಡಚಿದರೆ ಎರಡು ಹಾಳೆ, ದಾರ ಆ ಮಡಿಕೆಯಲ್ಲಿ ಹಾಯುತ್ತದೆ. ಒಂದನ್ನು ಕತ್ತರಿಸಿದರೆ ಅದರ ಜೋಡಿ ಸಡಿಲಾಗಿ ಉದುರುತ್ತದೆ. ಅದಕ್ಕೆ ನಾನು ಜೋಡಿ ಹಾಳೆಗೆ ಬೆರಳಗಲದ ತೆಳು ಕಾಗದದ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ದಾರ ಹಾಯಿಸಿದೆ. ಹಾಳೆ ಎಣಿಸಿದೆ. ಒಂದು ಕಡಿಮೆ. ಅಷ್ಟಾದರೂ ರಟ್ಟು ಅಂಟಿಸಿದೆ, ಕಪ್ಪು ರೆಕ್ಸಿನ್ ಹೊದಿಸಿದೆ. ಅಕ್ಕೋರು ಬಂದು ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಒಯ್ದರು.

ಕತ್ತರಿಸಿದ ಹಾಳೆಯನ್ನು ಎಸೆಯಲಿಲ್ಲ. ಹಾಳೆ ಎಸೆಯುವುದು ನಮ್ಮ ಕೈಗೆ ಬರುವುದಿಲ್ಲ. ಹದಿನೈದು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಮೇಜಿನ ಖಾನೆ ಸ್ವಚ್ಛ ಮಾಡುವಾಗ ಅದು ಸಿಕ್ಕಿತು. ಮೊದಲ ಸಲ ಲೂಕನ ಆರಂಭ ಓದಿದೆ. ಬಹಳ ಜನ ಈ ಸಂಗತಿ ಬರೆಯಲು ನೋಡಿದ್ದಾರೆ, ನಾನೂ ಕಂಡವರಿಂದ ಬಂದದ್ದನ್ನು ವಿಚಾರಿಸಿ ಬರೆಯುತ್ತಿದ್ದೇನೆ ಎಂಬ ಅರ್ಥದ ಮಾತು. ದೇವರು ಹೇಳಿದ, ನಾನು ಬರೆದೆ ಎಂದು ಆತ ಹೇಳಿರಲಿಲ್ಲ. ವಿಚಾರಿಸಿದೆ ಎಂದಿದ್ದ. ಪ್ರಾಮಾಣಿಕ ಮನುಷ್ಯ ಅನ್ನಿಸಿತು. ಹಾಳೆಯನ್ನು ಬೆಳಕಿಗೆ ಹಿಡಿದೆ. ಆಗ ಕಂಡಿತು. ಮಡಿಕೆಯ ಬದಿಯ ಅಂಚಿನಲ್ಲಿ, ಮೇಲಿಂದ ಕೆಳಗೆ, ಸಣ್ಣ ಪೆನ್ಸಿಲ್ ಅಕ್ಷರ. "ಶಾಂತಾ ಇಂದು ಎದ್ದು ಕುಳಿತಳು. ಗಂಜಿ ಕುಡಿದಳು."

ಇದು ಶಾಯಿಯ ದುಂಡಗಿನ ಅಕ್ಷರವಲ್ಲ, ಬೇರೆ ಕೈ. ಮನೆಯವರ ಬಗ್ಗೆ ಬರೆದದ್ದು, ಅಕ್ಕೋರು ಹೇಳಿದ್ದ ಗಂಡನ ಬರಹ ಇದೇ ಎಂದು ಆ ಕ್ಷಣಕ್ಕೇ ತಿಳಿಯಿತು. ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿ, ಚೀಲಕ್ಕೆ ಹಾಕಿಕೊಂಡು ಮುರಗೋಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳುವ ಮಾತನ್ನೇ ಜೋಡಿಸುತ್ತಿದ್ದೆ. ತಪ್ಪಾಗಿದೆ, ಕಾಲಿಗೆ ಬೀಳುತ್ತೇನೆ, ಪುಸ್ತಕ ಕೊಡಿ, ಸಂಜೆಯೊಳಗೆ ಸೇರಿಸಿ ತರುತ್ತೇನೆ ಎಂದು.

ಅಕ್ಕೋರು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿ ಕಾಗೆ ಓಡಿಸುತ್ತಿದ್ದರು. ನನ್ನನ್ನು ಕಂಡು, "ಬಾ ಶಾಣ್ಯಾ, ವಾದಾ ಮಾಡಾಕ ಇಷ್ಟ ದೂರ ಬಂದೀ?" ಎಂದು ನಕ್ಕರು. ಚಹಾ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬೈಬಲ್ಲು ತಂದು ತೊಡೆಯ ಮೇಲಿಟ್ಟುಕೊಂಡು, ಹುಡುಕದೆ, ಸೀದಾ ಒಂದು ಪುಟ ತೆರೆದರು.

"ನಿನಗ ಇದೊಂದು ತೋರಸಬೇಕಂತ ಮಾಡಿದ್ದೆ. ಶಾಯೀದು ನಮ್ಮಪ್ಪನ ಬರಹ. ನಮ್ಮವರದು ಇದೊಂದ ಸಾಲು. ಅವರೂ ನಿನ್ನಂಗ, ದೇವರು ಗೀವರು ಅಂದ್ರ ಆಗತಿದ್ದಿಲ್ಲ. ಈ ಪುಸ್ತಕ ಮುಟ್ಟತಿದ್ದಿಲ್ಲ. ಮಗಳಿಗೆ ಟೈಫಾಯ್ಡ್ ಆಗಿ ಇಪ್ಪತ್ತ ದಿನಾ ಕಣ್ಣ ತೆಗದಿದ್ದಿಲ್ಲ. ಎದ್ದ ದಿನಾ ಇದನ್ನ ಬರದ್ರು. ಯಾಕ ಬರದ್ರು, ಇಲ್ಲೇ ಯಾಕ ಬರದ್ರು, ಸಾಯೂತನಕ ಹೇಳಲಿಲ್ಲ."

ಮಾರ್ಕನ ಕೊನೆಯ ಹಾಳೆ. ಹನ್ನೆರಡು ವಚನ. ಅಂಚಿನಲ್ಲಿ ಪೆನ್ಸಿಲ್ ಸಾಲು.

"ದಿನಾ ನೋಡ್ತೀರೇನ್ರಿ ಇದನ್ನ?" ಎಂದೆ.

"ದಿನಾ. ನಿನ್ನ ಅಂಗಡಿಯಿಂದ ತಂದ ದಿನಾ ಬಸ್ಸಿನ್ಯಾಗ ತಗದ ನೋಡೇನಿ. ನಿನ್ನ ಮ್ಯಾಲ ನಂಬಿಕಿ ಇಲ್ಲಂತಲ್ಲ ಮತ್ತ!"

ಪುಸ್ತಕ ಕೈಗೆ ತೆಗೆದುಕೊಂಡೆ. ನಾನು ಹೊದಿಸಿದ ರೆಕ್ಸಿನ್. ನನ್ನ ದಾರ. ನನ್ನ ಗಂಟು ಬೇರೆ ಯಾರಿಗೂ ಬರುವುದಿಲ್ಲ, ಉಸ್ತಾದರು ಎಡಚರು, ಆ ಉಲ್ಟಾ ಗಂಟು ಅವರಿಂದ ಬಂದದ್ದು. ಮಡಿಕೆಯನ್ನು ಬಿಡಿಸಿ ನೋಡಿದೆ. ನಾನು ಅಂಟಿಸಿದ್ದ ಪಟ್ಟಿ ಅಲ್ಲಿರಲಿಲ್ಲ. ಹಾಳೆ ಮತ್ತು ಅದರ ಜೋಡಿ ಒಂದೇ ಅಖಂಡ ಕಾಗದ, ನಡುವೆ ಮಡಿಕೆ, ಮಡಿಕೆಯಲ್ಲಿ ನನ್ನ ದಾರ. ಬೆರಳು ಆಡಿಸಿದೆ. ಕತ್ತರಿಸಿದ ಗುರುತಿಲ್ಲ, ಅಂಟಿನ ಉಬ್ಬಿಲ್ಲ. ಈ ಬೆರಳು ಬೇರೆ ಯಾವುದರಲ್ಲಿ ತಪ್ಪಿದರೂ ಕಾಗದದಲ್ಲಿ ತಪ್ಪುವುದಿಲ್ಲ.

ಕೈ ತೊಳೆದು ಬರುತ್ತೇನೆ ಎಂದು ಚೀಲ ಹಿಡಿದು ಹಿತ್ತಲಿಗೆ ಹೋದೆ. ರಟ್ಟಿನ ದಾರ ಬಿಚ್ಚಿದೆ. ನನ್ನ ಹಾಳೆ ಒಳಗೇ ಇತ್ತು. ಅದೇ ವಚನ, ಅದೇ ಲೂಕ, ಒಂದು ಬದಿಗೆ ನನ್ನ ಚಾಕುವಿನ ನೇರ ಅಂಚು. ಪೆನ್ಸಿಲ್ ಸಾಲು ಮಾತ್ರ ಇರಲಿಲ್ಲ. ಅಳಿಸಿದ ಕಲೆಯೂ ಇರಲಿಲ್ಲ. ಬಿಸಿಲಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಬಿಳಿ ಅಂಚು.

ಆಮೇಲೆ ನಾನು ಮಾಡಿದ್ದೇ ಕತ್ತರಿಸಿದ್ದಕ್ಕಿಂತ ದೊಡ್ಡ ತಪ್ಪು. ಹಾಳೆಯನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿದೆ, ಮುಖ ತೊಳೆದೆ, ಒಳಗೆ ಹೋದೆ, ಏನೂ ಹೇಳಲಿಲ್ಲ. ಅವರ ಪುಸ್ತಕ ಪೂರ್ತಿ ಇದೆ, ಅವರಿಗೆ ನಷ್ಟವಿಲ್ಲ, ಇನ್ನು ಯಾಕೆ ಹೇಳಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಹೆದರಿದ್ದೆ.

ಹೊರಡುವಾಗ ಅಕ್ಕೋರು ಕೇಳಿದರು, "ಯಾಕ ಬಂದಿದ್ದಿ ಅಂತ ಹೇಳಲೇ ಇಲ್ಲಲ್ಲೋ ತಮ್ಮಾ?"

"ಏನಿಲ್ರಿ. ಹೊಲಿಗಿ ಗಟ್ಟಿ ಕುಂತೈತೋ ಇಲ್ಲೋ ನೋಡಿ ಹೋಗೂಣು ಅಂತ ಬಂದಿದ್ದೆ."

ಇದನ್ನು ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಊರಲ್ಲೆಲ್ಲ ಹೇಳಿದರು. ಹದಿನೈದು ದಿನದ ಮೇಲೆ ತಾನೇ ಬಸ್ಸಿನ ಖರ್ಚು ಹಾಕಿಕೊಂಡು ಹೊಲಿಗೆ ನೋಡಲು ಬಂದ ಮನುಷ್ಯ ಎಂದು. ಅವರ ಮತದವರು ಸವದತ್ತಿಯಿಂದ, ರಾಮದುರ್ಗದಿಂದ, ಕಿತ್ತೂರಿನಿಂದ ನನ್ನನ್ನು ಹುಡುಕಿಕೊಂಡು ಪುಸ್ತಕ ತಂದರು. "ಅಕ್ಕೋರು ಹೇಳ್ಯಾರ್ರಿ, ನಿಮ್ಮಂಥ ಪ್ರಾಮಾಣಿಕರು ಇಲ್ಲಂತ" ಎನ್ನುವರು. ನಾನು ತಲೆ ಬಗ್ಗಿಸಿ ಹಾಳೆ ಎಣಿಸುತ್ತಿದ್ದೆ. ಬೈಗುಳ ತಿಂದಿದ್ದರೆ ಎಂದೋ ಮರೆತುಹೋಗುತ್ತಿತ್ತು.

ಇದು ನಡೆದು ಹನ್ನೊಂದು ವರ್ಷವಾಯಿತು. ತಿಳಿದ ದಾರಿಯಲ್ಲೆಲ್ಲ ಯೋಚಿಸಿದ್ದೇನೆ. ಅವರ ಮನೆಯಲ್ಲಿ ಇನ್ನೊಂದು ಬೈಬಲ್ಲು ಇತ್ತೆ? ಇದ್ದರೂ ನನ್ನ ಗಂಟು ಅದರಲ್ಲಿ ಹೇಗೆ ಬಂತು? ನಾನು ಬೇರೆ ಪುಸ್ತಕದ ಹಾಳೆ ಕತ್ತರಿಸಿದೆನೆ? ಆ ವರ್ಷ ಅಲ್ಲಿಯ ತನಕ ಅಂಗಡಿಗೆ ಬಂದ ಬೈಬಲ್ಲು ಅದೊಂದೇ. ಪೆನ್ಸಿಲ್ ಸಾಲು ನಾನು ಕಂಡೇ ಇಲ್ಲವೆ? ಕಾಣದಿದ್ದರೆ ಮುರಗೋಡಕ್ಕೆ ಯಾಕೆ ಹೋದೆ? ಅದರ ಮಾತು ಅಕ್ಷರ ಬಿಡದೆ ಮೊದಲೇ ನನಗೆ ಹೇಗೆ ಗೊತ್ತಿತ್ತು? ನಾನು ದೈವಭಕ್ತನೇನೂ ಆಗಲಿಲ್ಲ. ಆ ದಪ್ಪ ಪುಸ್ತಕ ಹೇಳಿದ್ದು ಸುಳ್ಳೆಂದೂ ಅನ್ನಿಸಿಲ್ಲ. ಆದರೆ ಇಲ್ಲ ಎಂದು ಮೊದಲಿನಂತೆ ಎದೆ ತಟ್ಟಿ ಹೇಳುವ ಬಾಯಿ ನನಗೆ ಉಳಿದಿಲ್ಲ.

ಅಕ್ಕೋರು ನಾಲ್ಕು ವರ್ಷದ ಹಿಂದೆ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಅಂದು ಎದ್ದು ಕುಳಿತ ಶಾಂತಾ ಈಗ ನಡುವಯಸ್ಸಿನ ಹೆಂಗಸು, ತಾಯಿಯ ಎದೆಯ ಮೇಲೆ ಬೈಬಲ್ಲನ್ನು ತಾನೇ ಇಟ್ಟಳು. "ಅವ್ವ ಹೇಳಿದ್ಲರಿ, ಇದನ್ನ ನನ್ನ ಜೋಡಿ ಕಳಸ್ರಿ ಅಂತ" ಎಂದಳು. ನನ್ನ ಚೀಲದಲ್ಲಿ ಆ ಎರಡು ರಟ್ಟು ಇದ್ದವು. ಈಗಲಾದರೂ ಹೇಳು ಎಂದು ಮನಸ್ಸು ತಿವಿಯಿತು. ಒಂದು ಹಿಡಿ ಮಣ್ಣು ಹಾಕಿ ಬಂದೆ. ಹೆದರಿ ಓಡಿದ, ಯಾರಿಗೂ ಹೇಳದ ಆ ಹೆಂಗಸರ ಕಥೆ ಅಷ್ಟಕ್ಕೇ ನಿಲ್ಲುತ್ತದೆಂದು ಅಕ್ಕೋರ ಮುಂದೆ ವಾದ ಮಾಡಿದ್ದವನು ನಾನೇ. ನಾನು ಬಾಯಿ ಬಿಡುತ್ತಿರುವುದು ಇದೇ ಮೊದಲು, ಕೇಳಬೇಕಾದವರು ಹೋದ ಮೇಲೆ.

ಈಗ ನನ್ನ ಹತ್ತಿರ ಇರುವುದು: ಸ್ವಂತ ಅಂಗಡಿ ಒಂದು, ಕಟಿಂಗ್ ಮಷಿನು ಒಂದು, ಪುಸ್ತಕ ಒತ್ತುವ ಪ್ರೆಸ್ಸು ಎರಡು, ಉಸ್ತಾದರು ಕೊಟ್ಟ ಸೂಜಿ ಐದು, ರಟ್ಟು ಎರಡು, ಅವುಗಳ ನಡುವೆ ಹಾಳೆ ಒಂದು.