ಗಾಡಿ ಹೋಗದ ಗಲ್ಲಿ

2008ರಲ್ಲಿ ನಾನು ಬೆಂಗಳೂರಿನ ಜೆ.ಪಿ. ನಗರದ ಒಂದು ಸರ್ವೆ ಕಂಪನಿಯಲ್ಲಿ ನಕ್ಷೆ ತಯಾರಿಸುವ ಕೆಲಸದಲ್ಲಿದ್ದೆ. ಗದಗಿನಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ನನಗೆ ಊರು ಪರಿಚಯಿಸಿದವನು ಸಹೋದ್ಯೋಗಿ ಪ್ರಕಾಶ, ಜಯನಗರದ ಹುಡುಗ. ರಜೆಯ ದಿನ ಇಬ್ಬರೂ ಜಿಪಿಎಸ್ ಹಿಡಿದು ಬೀದಿ ಸುತ್ತಿ, ಗುರುತಿಸಿಕೊಂಡಿದ್ದನ್ನು ಇಂಟರ್ನೆಟ್ಟಿನ ಮುಕ್ತ ನಕ್ಷೆಗೆ ಸೇರಿಸುತ್ತಿದ್ದೆವು. ಆ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಎಲ್ಲಿಂದ ತಂದದ್ದು ಎಂದು ಮಾತ್ರ ಕಾಣುವಂತೆ ಹೇಳಬೇಕು.

ಜರಗನಹಳ್ಳಿಯಲ್ಲಿ ಹೊನ್ನಮ್ಮ ಎಂಬವರ ವಠಾರದ ನಡುವೆ ಒಂದು ಗಲ್ಲಿಯಿತ್ತು. ಕನಕಪುರ ರಸ್ತೆಗೆ ಬಸ್ಸು ಹಿಡಿಯಲು ಹೋಗುವವರಿಗೆಲ್ಲ ಅದೇ ಹತ್ತಿರದ ದಾರಿ. ಆತುರದಲ್ಲಿ ನಾವು ಅದನ್ನು ರಸ್ತೆಯೆಂದೇ ಎಳೆದಿದ್ದೆವು. ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಹೊನ್ನಮ್ಮ ಹಾಗಲ್ಲವೆಂದು ತಲೆಯಾಡಿಸಿದರು.

"ನಡ್ಕೊಂಡ್ ಹೋಗೋರಿಗೆ ನಾನ್ ಯಾವತ್ತೂ ಬೇಡ ಅಂದಿಲ್ಲಮ್ಮ. ಗಾಡಿಗಿಲ್ಲ ಅಂತ ಹಾಕು. ಬಾಡಿಗೆ ಮನೆ ಮಕ್ಳು ಇಲ್ಲೇ ಆಡ್ತವೆ."

ಅಂದು ಸಂಜೆಯೇ ಕಾಲುದಾರಿ ಎಂದು ತಿದ್ದಿದೆವು. ಗಲ್ಲಿಯ ಪಕ್ಕದ ದೇವಸ್ಥಾನವೊಂದನ್ನು ತಪ್ಪು ಬದಿಗೆ ಹಾಕಿದ್ದೆವು, ಅದನ್ನೂ ಸರಿಪಡಿಸಿದೆವು. ಕೆಲ ತಿಂಗಳಲ್ಲಿ ಪ್ರಕಾಶ ಕೆಲಸ ಬಿಟ್ಟು, ಕಾರಿನಲ್ಲಿ ದಾರಿ ತೋರಿಸುವ ಯಂತ್ರ ಮಾರುವ ಹೊಸ ಕಂಪನಿ ಸೇರಿದ.

ಒಂದು ದಿನ ಹೊನ್ನಮ್ಮ ಹೇಳಿಕಳಿಸಿದರು. ವಠಾರದೊಳಗೆ ನುಗ್ಗಿದ ಟ್ಯಾಕ್ಸಿಯೊಂದು ಹಿಂದಕ್ಕೆ ಬರುವಾಗ ನಲ್ಲಿಯ ಕಟ್ಟೆಯನ್ನು ಕೆಡವಿತ್ತು. ಅಲ್ಲೇ ಆಡುತ್ತಿದ್ದ ಮಗುವನ್ನು ಯಾರೋ ಎಳೆದುಕೊಂಡಿದ್ದರಿಂದ ಉಳಿಯಿತು. ಡ್ರೈವರ್ ಇನ್ನೂ ಅಲ್ಲೇ ಇದ್ದ. "ಮೆಷಿನ್ ಹೇಳ್ತು ಮೇಡಂ, ನಾನೇನ್ ಮಾಡ್ಲಿ?" ಎಂದ. ಯಂತ್ರ ನೋಡಿದೆ. ಗಲ್ಲಿ ರಸ್ತೆಯಾಗಿಯೇ ಇತ್ತು, ದೇವಸ್ಥಾನ ತಪ್ಪು ಬದಿಯಲ್ಲೇ ಇತ್ತು. ನಾವು ತಿದ್ದುವ ಮುಂಚಿನ ನಮ್ಮದೇ ನಕ್ಷೆ. ಕೆಳಗೆ ಪ್ರಕಾಶನ ಕಂಪನಿಯ ಹೆಸರೊಂದೇ. ಮೈಯೆಲ್ಲ ಉರಿದುಹೋಯಿತು.

ಜಯನಗರದ ಟೀ ಅಂಗಡಿಗೆ ಅವನನ್ನು ಕರೆಸಿದೆ. ಅವನು ಮುಚ್ಚಿಡಲಿಲ್ಲ.

"ನನ್ ಹಳೇ ಫೈಲೇ ಕೊಟ್ಟೆ ಕಣೆ. ಫ್ರೀ ಡೇಟಾ ತಾನೇ?"

"ಫ್ರೀ ಅಂದ್ರ ಹೆಸರು ಅಳಸ್ರಿ ಅಂತಲ್ಲೋ."

"ಇಡೀ ಬೆಂಗ್ಳೂರು ನಾವೇ ಸರ್ವೆ ಮಾಡಿದ್ದು ಅಂತ ದುಡ್ಡು ಹಾಕಿದೋರಿಗೆ ಹೇಳಿದೀವಿ. ಈಗ ಹೆಸ್ರು ಹಾಕಿದ್ರೆ ನನ್ ಕೆಲ್ಸ ಹೋಗುತ್ತೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆದರೂ ಕಂಪನಿಗೆ ಬರೆದೆ. ಅದು ತಮ್ಮದೇ ಸರ್ವೆ ಎಂದು ಉತ್ತರ ಬಂತು. ಅವನ ಜೊತೆ ಬಿಸಿಲಲ್ಲಿ ಅಲೆದ ಭಾನುವಾರಗಳು ನೆನಪಾಗಿ, ಆ ಉತ್ತರ ಓದುತ್ತಾ ಅತ್ತೆ.

ಹೊನ್ನಮ್ಮ ಗಲ್ಲಿಯ ಎರಡೂ ಕಡೆ ಗೇಟು ಹಾಕಿಸಿ ಬೀಗ ಜಡಿದರು. "ನಿನ್ ಮೇಲೆ ಕೋಪ ಇಲ್ಲಮ್ಮ. ಆದ್ರೆ ಇನ್ಮೇಲೆ ಯಾರ್ಗೂ ಏನೂ ತೋರ್ಸಲ್ಲ," ಎಂದರು. ಬಸ್ಸಿಗೆ ಹೋಗುವವರು ಅಂದಿನಿಂದ ಸುತ್ತು ಹಾಕತೊಡಗಿದರು.

ನಕ್ಷೆಯ ಮೇಲೆ ಮೂಲದ ಹೆಸರು ಬರೆಯುವುದು ಮೆಚ್ಚುಗೆಗಾಗಿ ಎಂದು ಅಲ್ಲಿಯವರೆಗೆ ನಾನೂ ತಿಳಿದಿದ್ದೆ. ಅಲ್ಲ. ತಪ್ಪು ಕಂಡವನು ಬಂದು ತಟ್ಟಬೇಕಾದ ಬಾಗಿಲು ಅದು. ಮುಕ್ತ ನಕ್ಷೆಯಿಂದ ಆ ದಾರಿಯನ್ನು ನಾನೇ ಅಳಿಸಿದೆ. ಪ್ರಕಾಶನ ಕಂಪನಿಯ ಯಂತ್ರ ಮಾತ್ರ ಆಮೇಲೂ ಬಹಳ ಕಾಲ, ಬೀಗ ಹಾಕಿದ ಆ ಗೇಟಿನ ಮುಂದೆ ಗಾಡಿಗಳನ್ನು ತಂದು ನಿಲ್ಲಿಸುತ್ತಿತ್ತು.