ಮಲ್ಲಾಜಮ್ಮನ ಮೈತ್ರಿ ಸರ್ಕಾರ
ದೇವನೂರಿನ ಹಾಲಿನ ಡೇರಿ ಮುಂದೆ ಬೆಳಿಗ್ಗೆ ಆರಕ್ಕೆ ಮಲ್ಲಾಜಮ್ಮ ಕ್ಯಾನು ಇಳಿಸಿದಳೆಂದರೆ ದಿಲ್ಲಿಯಲ್ಲಿ ಯಾವ ಸರ್ಕಾರವೂ ನೆಮ್ಮದಿಯಾಗಿರುವಂತಿಲ್ಲ. ಲ್ಯಾಕ್ಟೋಮೀಟರಿನಲ್ಲಿ ಹಾಲಿಗೆ ಎಷ್ಟು ಡಿಗ್ರಿ ಬಂತೆಂದು ಅವಳು ಕೇಳುವುದು ಆಮೇಲೆ. ಮೊದಲು ಯಾವ ಪಕ್ಷಕ್ಕೆ ಎಷ್ಟು ಸೀಟೆಂಬುದು ಇತ್ಯರ್ಥವಾಗಬೇಕು. ಅವಳ ಬಾಯಲ್ಲಿ ಪ್ರಧಾನಮಂತ್ರಿಗಳೆಲ್ಲ ‘ಅವನು’, ‘ಇವನು’. ಡೇರಿ ಸೆಕ್ರೆಟರಿ ಮಾತ್ರ ‘ಸಾ’. ಹತ್ತಾರು ಪಕ್ಷ ಸೇರಿ ನಡೆಸುವ ಸರ್ಕಾರವೆಂದರೆ ಅವಳಿಗೆ ಪಂಚಪ್ರಾಣ. “ಒಬ್ನೇ ಆದ್ರೆ ಮೆರೀತನೆ ಕಣ್ರವ್ವ. ನಾಕ್ ಜನ ಇದ್ರೆ ಒಬ್ರುನ್ನೊಬ್ರು ಕೇಳ್ಕಂಡ್ ಮಾಡ್ತರೆ,” ಎಂದು ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಬುದ್ಧಿ ಹೇಳುತ್ತಾಳೆ. ಇಷ್ಟೊಂದು ಪಕ್ಷಗಳನ್ನು ಒಂದುಗೂಡಿಸುವ ಈ ಮಲ್ಲಾಜಮ್ಮ, ಮಗನೊಂದಿಗೆ ಹಿಂದಿನ ಬೀದಿಯಲ್ಲಿ ಬೇರೆ ಸಂಸಾರ ಹೂಡಿದ ಸೊಸೆ ನಯನಳ ಜೊತೆ ಮೂರು ವರ್ಷದಿಂದ ಮಾತು ಬಿಟ್ಟಿದ್ದಳು. ಈ ಸಲ ಲೋಕಸಭೆಯ ಫಲಿತಾಂಶ ಬಂದು, ಯಾರಿಗೂ ಬಹುಮತ ಸಿಗದೆ, ದೊಡ್ಡ ಪಕ್ಷದ ಮುಖಂಡನೊಬ್ಬ ತಾನೇ ಶಾಲು ಹಿಡಿದು ಸಣ್ಣ ಪಕ್ಷದವನ ಮನೆ ಬಾಗಿಲಿಗೆ ಹೋದದ್ದನ್ನು ಟಿ.ವಿ.ಯಲ್ಲಿ ನೋಡಿದಳು. ಮರುದಿನ ಡೇರಿಯಲ್ಲಿ ಅವಳ ಭಾಷಣ ಕೇಳಿಸಲಿಲ್ಲ. ಅಷ್ಟು ಹೊತ್ತಿಗೆ ಅವಳು ಒಂದು ಚೊಂಬು ಹಾಲು ಹಿಡಿದು ನಯನಳ ಬಾಗಿಲಲ್ಲಿ ನಿಂತಿದ್ದಳು. ಸೊಸೆ ಕಕ್ಕಾಬಿಕ್ಕಿಯಾಗಿ, “ಯಾವ ಸರ್ಕಾರ ಬತ್ತದಂತೆ ಅತ್ತೆ?” ಎಂದಳು. “ಯಾವ್ದಾರ ಬರ್ಲಿ,” ಚೊಂಬನ್ನು ಅವಳ ಕೈಗಿಡುತ್ತ ಮಲ್ಲಾಜಮ್ಮ ಹೇಳಿದಳು, “ನೀ ಬಾ ಕಣವ್ವ ಮನೆಗೆ.”