ನಮ್ಮವರೇ, ಆದರೆ

ಶಿವಮೊಗ್ಗದ ಹುಡುಗಿಯರ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಅರವತ್ತರ ದಶಕದ ಆರಂಭದಲ್ಲಿ. ನಮ್ಮ ಮನೆ ಇದ್ದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುತ್ತಿದ್ದ. ಮೊದಲ ಕೆಲವು ತಿಂಗಳು ದಿನಾ ರೈಲಿನಲ್ಲಿ ಓಡಾಡಿದೆ. ರೈಲು ತಡವಾದ ದಿನ ಪ್ರಾರ್ಥನೆ ಮುಗಿದ ಮೇಲೆ ಶಾಲೆಯ ಗೇಟು ದಾಟಬೇಕಾಗುತ್ತಿತ್ತು, ಹೆಡ್‌ಮಿಸ್ ಮಾತಿಲ್ಲದೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಹಾಗಾಗಿ ಶಿವಮೊಗ್ಗದಲ್ಲೇ ಒಂದು ಕೋಣೆ ಹುಡುಕಿದೆ. ಮದುವೆಯಾಗದ ಒಂಟಿ ಹುಡುಗಿಗೆ ಕೋಣೆ ಕೊಡುವವರು ಆಗ ಎಲ್ಲಿದ್ದರು! ಕೊನೆಗೆ ದುರ್ಗಿಗುಡಿಯ ವಕೀಲರೊಬ್ಬರ ಮನೆಯ ಹಿತ್ತಲಿನ ಕಡೆಯ ಕೋಣೆ ಸಿಕ್ಕಿತು.

ವಕೀಲರ ಹೆಂಡತಿಯನ್ನು ನಾನು ಅಮ್ಮಾರೇ ಎಂದು ಕರೆಯುತ್ತಿದ್ದೆ. ದೊಡ್ಡ ಜಮೀನ್ದಾರರ ಮನೆಯಿಂದ ಬಂದವರು. ದುಂಡು ಮುಖ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ, ಮಾತು ಮಾತಿಗೂ ನಗು. ಮೊದಲ ದಿನವೇ ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ, "ಓಹೋ, ನಮ್ಮವರೇ!" ಎಂದು ಸಂತೋಷಪಟ್ಟರು. ಆಮೇಲೆ ಅಪ್ಪನ ಕೆಲಸ ಕೇಳಿದರು. ಹೇಳಿದೆ. "ಓಹ್," ಎಂದರು. "ಇರ್ಲಿ ಬಿಡು, ಅದರಲ್ಲೇನು."

ಅದರಲ್ಲೇನೋ ಇತ್ತು ಎಂದು ನನಗೆ ತಿಳಿದದ್ದು ಆಗಲೇ.

ಅವರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ಇದನ್ನು ಮೊದಲೇ ಹೇಳಬೇಕು. ಜ್ವರ ಬಂದಾಗ ಗಂಜಿ ಮಾಡಿ ತಂದು ಹಾಸಿಗೆಯ ಪಕ್ಕ ಕೂತು ಕುಡಿಸಿದ್ದರು. ಸಂಜೆ ಶಾಲೆಯಿಂದ ಬಂದರೆ, "ಬಾರೇ, ರೇಡಿಯೋ ಕೇಳು ಬಾ, ನಿಮ್ಮ ಮನೇಲಿ ಎಲ್ಲಿ ಬರ್ಬೇಕು ರೇಡಿಯೋ," ಎಂದು ಒಳಗೆ ಕರೆಯುತ್ತಿದ್ದರು. ಕರೆಯುವ ದನಿಯಲ್ಲಿ ಪ್ರೀತಿ ಇತ್ತು. ಮಾತಿನ ಬಾಲದಲ್ಲಿ ಆ ಇನ್ನೊಂದು ಇತ್ತು. ಎರಡನ್ನೂ ಬಿಡಿಸಿ ಒಂದನ್ನು ಮಾತ್ರ ತೆಗೆದುಕೊಳ್ಳಲು ನನಗೆ ಬರಲಿಲ್ಲ.

ಒಮ್ಮೆ ಅಡುಗೆಮನೆಯಲ್ಲಿ ಅವರ ಮಗಳ ಜೊತೆ ರೊಟ್ಟಿ ತಿನ್ನುತ್ತಿದ್ದೆ. ಅಮ್ಮಾರು ನನ್ನನ್ನೇ ನೋಡುತ್ತಾ ಮಗಳಿಗೆ ಹೇಳಿದರು: "ನೋಡು, ಎಷ್ಟು ಬೇಗ ತಿಂತಾಳೆ. ಕಾರ್ಖಾನೆ ಲೈನ್ ಮನೆಗಳಲ್ಲಿ ಹಾಗೇ ಕಣೇ. ಸೈರನ್ ಕೂಗೋದ್ರೊಳಗೆ ಮುಗಿಸ್ಬೇಕು, ಪಾಪ." ಬೈದದ್ದಲ್ಲ, ಮರುಕಪಟ್ಟದ್ದು. ಅವತ್ತಿನಿಂದ ನಾನು ಅವರೆದುರು ನಿಧಾನವಾಗಿ ತಿನ್ನತೊಡಗಿದೆ. ಹಾಗೆ ತಿಂದಾಗೆಲ್ಲ ಊಟ ಆರಿ ಹೋಗುತ್ತಿತ್ತು, ಹೊಟ್ಟೆ ತುಂಬುತ್ತಿರಲಿಲ್ಲ.

ಇನ್ನೊಂದು ಸಲ ಬಾಯಿ ತಪ್ಪಿ, "ಅಮ್ಮಾರೇ, ಸಾಪಾಟು ಆಯ್ತಾ?" ಎಂದು ಕೇಳಿಬಿಟ್ಟೆ. ನಮ್ಮ ಕೇರಿಯಲ್ಲಿ ಅರ್ಧ ಜನ ತಮಿಳಿನವರು, ಉಳಿದವರಲ್ಲಿ ತೆಲುಗಿನವರೂ ಇದ್ದರು. ಊಟಕ್ಕೆ ನಾವು ಮಕ್ಕಳೆಲ್ಲ ಸಾಪಾಟು ಎನ್ನುತ್ತಿದ್ದೆವು. ಮನೆಯವರೆಲ್ಲ ನಕ್ಕರು. ಆಮೇಲೆ ಬಂದುಹೋಗುವ ನೆಂಟರೆದುರು, "ಅದನ್ನ ಇನ್ನೊಂದ್ಸಲ ಹೇಳೇ, ನಿಮ್ಮ ಕಾರ್ಖಾನೆ ಕನ್ನಡದಲ್ಲಿ," ಎಂದು ಕೇಳುವುದು ಶುರುವಾಯಿತು. ನಾನು ನಗುತ್ತಾ, ಮಕ್ಕಳ ನೋಟ್‌ಬುಕ್ ತಿದ್ದುವುದಿದೆ ಎಂದು ಎದ್ದು ಬರುತ್ತಿದ್ದೆ. ಕೋಣೆಗೆ ಬಂದು ಚಿಲಕ ಹಾಕಿಕೊಂಡರೆ ತಿದ್ದಲು ಏನೂ ಇರುತ್ತಿರಲಿಲ್ಲ.

ನೆಂಟರಿಗೆ ನನ್ನನ್ನು ಪರಿಚಯಿಸುವ ಮಾತು ಯಾವಾಗಲೂ ಒಂದೇ. "ನಮ್ಮವರೇ. ಆದ್ರೆ ಅಪ್ಪ ಕಾರ್ಖಾನೇಲಿ ಕೂಲಿ. ಇವಳನ್ನ ನೋಡಿದ್ರೆ ಹಾಗನ್ಸುತ್ತಾ, ನೀವೇ ಹೇಳಿ?" ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಲ್ಲವೇ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಅಪ್ಪ, ಎದೆಯ ಮೇಲೆ ಕಿಡಿ ಸಿಡಿದ ಕಲೆಗಳನ್ನು ಹೊತ್ತುಕೊಂಡು, ಜನ್ನಾಪುರದ ಬಚ್ಚಲಲ್ಲಿ ಮೈ ತಿಕ್ಕಿಕೊಳ್ಳುತ್ತಿರುತ್ತಿದ್ದ.

ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಶಾಲೆಯ ಉಳಿದ ಟೀಚರುಗಳು ಅಂಥದೇ ಮನೆಗಳವರು. ಊರಿಗೆ ಹೋಗಿ ಅವ್ವನಿಗೆ ಹೇಳೋಣವೆಂದರೆ ಅವಳು ಕೇರಿಯವರಿಗೆಲ್ಲ ಆ ಮನೆಯ ದೊಡ್ಡತನವನ್ನೇ ಸಾರಿಕೊಂಡು ಬಂದಿದ್ದಳು. "ವಕೀಲರ ಮನೇಲಿ ಮಗಳ ಥರ ಇದ್ದಾಳೆ," ಎನ್ನುವಾಗ ಅವಳ ಮುಖ ಅರಳುತ್ತಿತ್ತು. ಆ ಮುಖಕ್ಕೆ ಹೇಳುವುದು ಹೇಗೆ?

ಒಂದು ಭಾನುವಾರ ಅವ್ವ ನನ್ನನ್ನು ನೋಡಲು ಬಂದಳು. ಇಸ್ತ್ರಿ ಮಾಡಿಸಿದ ಸೀರೆ ಉಟ್ಟಿದ್ದಳು, ಕೈಯಲ್ಲಿ ರವೆ ಉಂಡೆಯ ಡಬ್ಬಿ. ಮುಂದಿನ ಹಜಾರದಲ್ಲಿ ಬೇರೆ ಯಾರೋ ಕುರ್ಚಿಗಳಲ್ಲಿ ಕೂತಿದ್ದರು. ಅಮ್ಮಾರು ಬಾಗಿಲಲ್ಲೇ ಎದುರಾಗಿ, "ಬನ್ನಿ ಬನ್ನಿ. ಹಿಂದ್ಗಡೆ ಜಗಲೀಲಿ ಗಾಳಿ ಚೆನ್ನಾಗಿ ಬರುತ್ತೆ, ಅಲ್ಲೇ ಕೂತ್ಕೊಳ್ಳಿ," ಎಂದು ಮನೆಯ ಪಕ್ಕದ ಓಣಿ ತೋರಿಸಿದರು. ಕಾಫಿ ಕೊಟ್ಟರು. ಉಂಡೆಯ ಡಬ್ಬಿ ತೆಗೆದುಕೊಂಡು, "ಅಯ್ಯೋ, ಯಾಕೆ ಇಷ್ಟೆಲ್ಲ? ನಮ್ಮಲ್ಲಿ ಸಿಹಿ ಅಷ್ಟಾಗಿ ತಿನ್ನಲ್ಲ," ಎನ್ನುತ್ತಲೇ ಪಾತ್ರೆ ತಿಕ್ಕುತ್ತಿದ್ದವಳನ್ನು ಕರೆದು, "ತಗೊಳೇ, ಮಕ್ಕಳಿಗೆ ಕೊಡು," ಎಂದು ಅವಳ ಕೈಗೆ ಇಟ್ಟರು. ಅವ್ವ ನಗುತ್ತಲೇ ಇದ್ದಳು. ನಾನು ಅವಳನ್ನು ಬಸ್ಸು ಹತ್ತಿಸುವಾಗಲೂ, "ಒಳ್ಳೆ ಜನ. ಚೆನ್ನಾಗಿರು," ಎಂದಳು.

ಬಸ್ಸು ಹೋದ ಮೇಲೆ ನಾನು ಕೋಣೆಗೆ ಹೋಗಲಿಲ್ಲ. ತುಂಗೆಯ ಸೇತುವೆಯವರೆಗೆ ನಡೆದು, ಕತ್ತಲಾಗುವ ತನಕ ನೀರು ನೋಡುತ್ತ ನಿಂತೆ. ಇಡೀ ಊರಿನಲ್ಲಿ ನನ್ನ ಮನಸ್ಸಿನ ಒಂದು ಮಾತನ್ನು ಇಳಿಸಲು ಒಂದು ಜಾಗವಿರಲಿಲ್ಲ.

ಕೊನೆಗೆ ಮಾತು ಬಂದದ್ದು ಮದುವೆಯ ವಿಷಯದಲ್ಲಿ. ಅಮ್ಮಾರ ತಂಗಿ ದಾವಣಗೆರೆಯಿಂದ ಬಂದಿದ್ದರು. ನನ್ನನ್ನು ಕಂಡು ಅವರಿಗೆ ಇಷ್ಟವಾಗಿ, "ನಮ್ಮ ಮೈದುನ ಒಬ್ಬ ಇದ್ದಾನಲ್ಲ ಅಕ್ಕ, ತಾಲ್ಲೂಕು ಕಚೇರೀಲಿ. ಇವಳನ್ನ ಕೇಳಿದ್ರೆ ಹೇಗೆ?" ಎಂದರು. ನಾನು ಅಲ್ಲೇ ಹೂ ಕಟ್ಟುತ್ತ ಕೂತಿದ್ದೆ.

ಅಮ್ಮಾರು ನಕ್ಕರು. "ಸುಮ್ನಿರೇ, ಅವರೆಲ್ಲ ಒಪ್ತಾರಾ? ಇವಳಿಗೆ ಇವಳ ಮಟ್ಟಕ್ಕೆ ತಕ್ಕ ಹಾಗೆ ನೋಡ್ಬೇಕು. ಭದ್ರಾವತೀಲಿ ಫಿಟ್ಟರೋ ಗಿಟ್ಟರೋ ಯಾರಾದ್ರೂ ಸಿಕ್ತಾರೆ. ನಾನೇ ಮುಂದೆ ನಿಂತು ಮಾಡಿಸ್ತೀನಿ, ಅಲ್ವೇನೇ?" ಎಂದು ನನ್ನ ಬೆನ್ನು ತಟ್ಟಿದರು.

ಫಿಟ್ಟರ್ ಎಂದರೆ ನನಗೆ ಕೀಳಲ್ಲ, ನನ್ನ ಸೋದರಮಾವ ಫಿಟ್ಟರೇ. ಆದರೆ ಆ ತಟ್ಟಿದ ಕೈ ನನ್ನ ಬೆನ್ನ ಮೇಲೆ ಇನ್ನೂ ಇತ್ತು. ಹೂವನ್ನು ಕೆಳಗಿಟ್ಟೆ.

"ಅಮ್ಮಾರೇ, ನನ್ನ ಮಟ್ಟ ಯಾವುದು ಅಂತ ನೀವು ಹೇಳೋದು ಬೇಡ."

"ಏನಾಯ್ತೇ ಈಗ? ನಾನೇನು ಕೆಟ್ಟದ್ದಂದೆ? ಮಗಳ ಥರ ನೋಡ್ಕೊಂಡಿಲ್ವಾ ನಿನ್ನ?"

"ನೋಡ್ಕೊಂಡಿದ್ದೀರಿ. ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮಗಳನ್ನ ಯಾರಿಗಾದ್ರೂ ತೋರಿಸಿ, ಇವಳಪ್ಪ ವಕೀಲರು, ನೋಡಿದ್ರೆ ಹಾಗನ್ಸುತ್ತಾ, ಅಂತ ಒಂದು ದಿನನಾದ್ರೂ ಕೇಳಿದ್ದೀರಾ?"

ಅಮ್ಮಾರ ಬಾಯಿ ಅರ್ಧ ತೆರೆದೇ ಇತ್ತು. ತಂಗಿ ಎದ್ದು ಒಳಗೆ ಹೋದರು. "ನಾನು ಹೊಗಳಿದ್ದು ಕಣೇ," ಎಂದರು ಅಮ್ಮಾರು. ಅವರ ಕಣ್ಣು ತುಂಬಿತ್ತು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಅದು ನನಗೆ ಇನ್ನಷ್ಟು ಕಷ್ಟವಾಯಿತು. ಅವರು ಜಗಳಗಂಟಿಯಾಗಿದ್ದರೆ ನಾನು ಗೆದ್ದೆ ಎಂದಾದರೂ ಅನ್ನಿಸುತ್ತಿತ್ತು.

ಆಮೇಲೆ ಯಾರೂ ನನ್ನನ್ನು ಕಾರ್ಖಾನೆ ಕನ್ನಡ ಮಾತಾಡಲು ಕೇಳಲಿಲ್ಲ. ರೇಡಿಯೋ ಕೇಳಲೂ ಕರೆಯಲಿಲ್ಲ. ಅಮ್ಮಾರು ಎದುರಾದರೆ, "ಊಟ ಆಯ್ತಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಸಂಜೆ ಹಾಡಿನ ದನಿ ಗೋಡೆಯಾಚೆಯಿಂದ ಸಣ್ಣಗೆ ಬರುತ್ತಿತ್ತು. ನಾನು ಆಡಿದ ಮಾತು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ. ಆದರೂ ಆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ.

ಶಾಲೆಯ ವರ್ಷ ಮುಗಿದಾಗ ಕೋಣೆ ಬಿಟ್ಟು ಮತ್ತೆ ರೈಲು ಹಿಡಿದೆ. ಅವ್ವ ಕಾರಣ ಕೇಳಿದಳು. ಅಕ್ಕಿ ಆರಿಸುತ್ತಿದ್ದವಳ ಪಕ್ಕ ಕೂತು ಮೊದಲ ಬಾರಿಗೆ ಎಲ್ಲ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಉಂಡೆ ಯಾರ ಕೈಗೆ ಹೋಯ್ತು ಅಂತ ನೋಡಿದೆ. ಜಗಲಿ ಗಾಳಿನೂ ನೋಡಿದೆ."

"ಮತ್ತೆ ಯಾಕವ್ವ ಎಲ್ಲರ ಹತ್ರ ಅಷ್ಟು ಹೊಗಳಿದ್ದು?"

"ಇನ್ನೇನ್ ಮಾಡ್ಲಿ ತಾಯಿ? ನೀನು ಒಬ್ಬಳೇ ಅಲ್ಲಿರ್ಬೇಕಿತ್ತಲ್ಲ. ನಾನೂ ಕೆಟ್ಟದ್ದು ಅಂದಿದ್ರೆ ಹೇಗಿರ್ತಿದ್ದೆ ನೀನು?"

ಅಷ್ಟು ತಿಂಗಳೂ ನಾವಿಬ್ಬರೂ ಒಂದೇ ನೋವನ್ನು ಒಬ್ಬರಿಗೊಬ್ಬರು ತಿಳಿಯದ ಹಾಗೆ ಮುಚ್ಚಿಟ್ಟುಕೊಂಡಿದ್ದೆವು. ಅವಳು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ಆ ವಿಷಯ ಮತ್ತೆ ನಮ್ಮ ನಡುವೆ ಬರಲಿಲ್ಲ.

ಮುಂದೆ ನನ್ನನ್ನು ದೂರದ ಊರೊಂದಕ್ಕೆ ಹಾಕಿದರು; ಕೆಲವು ವರ್ಷಗಳ ನಂತರ ಭದ್ರಾವತಿಯ ಶಾಲೆಗೇ ನನಗೆ ವರ್ಗವಾಯಿತು. ಇನ್ನು ನಮ್ಮವರ ನಡುವೆ ಇರುತ್ತೇನೆ ಎಂದು ಹಿಗ್ಗಿ ಬಂದೆ. ಮೊದಲ ಸಂಜೆ ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರೆಲ್ಲ ಕೂತು ಜೋರಾಗಿ ಮಾತಾಡುತ್ತಿದ್ದರು. ನಾನು ಹೋದೊಡನೆ ಮಾತು ನಿಂತಿತು. ಚಿಕ್ಕವಳಿದ್ದಾಗ ನನ್ನ ಜುಟ್ಟು ಎಳೆದು ಜಡೆ ಹೆಣೆಯುತ್ತಿದ್ದ ತಮಿಳಿನ ಅತ್ತೆ ಗಡಿಬಿಡಿಯಿಂದ ಎದ್ದು, ಒಳಗಿಂದ ಒಂದು ಸ್ಟೂಲು ತಂದು ಸೆರಗಿನಿಂದ ಒರೆಸಿದಳು.

"ಉಕ್ಕಾರುಂಗ ಟೀಚರಮ್ಮ, ಕೂತ್ಕೊಳ್ಳಿ. ಕೆಳಗೆ ಧೂಳು."

ನನ್ನನ್ನು ಆಕೆ ಬಹುವಚನದಲ್ಲಿ ಕರೆದದ್ದು ಅದೇ ಮೊದಲು. "ಅತ್ತೆ, ನಾನು ಅದೇ ಹುಡುಗಿ ಅಲ್ವಾ," ಎಂದೆ. "ಹಂಗಂದ್ರೆ ಹೆಂಗೆ, ನೀವೀಗ ಟೀಚರು," ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಹೆಮ್ಮೆಯೇ ಇತ್ತು.

ನಾನು ಸ್ಟೂಲನ್ನು ಬದಿಗೆ ಸರಿಸಿ ಅವರ ಮಧ್ಯೆ ನೆಲದ ಮೇಲೆ ಕೂತೆ. ಒಬ್ಬಾಕೆ ಸೀರೆಯ ನೆರಿಗೆ ಎಳೆದುಕೊಂಡು ನನಗೆ ಜಾಗ ಬಿಟ್ಟಳು. ಕಾರ್ಖಾನೆಯ ಸೈರನ್ ಕೂಗಿತು, ಬೀದಿಯಲ್ಲಿ ಸೈಕಲ್ಲುಗಳ ಸಾಲು ಶುರುವಾಯಿತು. ಬಹಳ ಹೊತ್ತಾದ ಮೇಲೆ ಯಾರೋ ಮೆಲ್ಲಗೆ, ನಲ್ಲಿಯ ಹತ್ತಿರ ಬೆಳಿಗ್ಗೆ ಆದ ಜಗಳದ ಮಾತು ತೆಗೆದರು.